ಮಿಲಿಟರಿ ಷಡ್ಡಕ

ಅವನ ಹಣೆಗೆ ಎರಡು ಬಣ್ಣವಿತ್ತು. ಹುಬ್ಬಿನಿಂದ ತುಸು ಮೇಲೆ, ಯಾರೋ ದಾರ ಹಿಡಿದು ಎಳೆದಂತೆ ಒಂದು ಅಡ್ಡಗೆರೆ. ಗೆರೆಯ ಕೆಳಗಿನ ಮುಖ ಗೂಡಿನಲ್ಲಿ ಹೆಚ್ಚು ಬೆಂದ ಇಟ್ಟಿಗೆಯ ಬಣ್ಣದ್ದು. ಮೇಲಿನ ಭಾಗ ಮಾತ್ರ ಹಸುಗೂಸಿನ ಅಂಗಾಲಿನ ಹಾಗೆ ತಿಳಿಯಾಗಿ, ಮೆತ್ತಗೆ ಇರುತ್ತಿತ್ತು. ವರ್ಷದ ಹೆಚ್ಚಿನ ದಿನ ಅವನ ತಲೆಯ ಮೇಲೆ ಕಟ್ಟಡ ಕೆಲಸದ ಹಳದಿ ಹೆಲ್ಮೆಟ್, ಉಳಿದ ದಿನ ಸೈನ್ಯದ ಹಸಿರು ಹೆಲ್ಮೆಟ್. ಹೀಗಾಗಿ ಆ ಹಣೆಗೆ ಬಿಸಿಲು ಅಂದರೆ ಏನೆಂದೇ ಗೊತ್ತಿರಲಿಲ್ಲ. ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ ಅವನು ಹಜಾರಕ್ಕೆ ಬಂದರೆ ಮನೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನನಗೆ ಮಾತ್ರ ಆ ಗೆರೆ ಕಂಡರೆ ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು. ನಾನೂ ಬಿಸಿಲಲ್ಲೇ ದುಡಿಯುವವನು. ಆದರೆ ನನ್ನದು ಪೂರ್ತಿ ಒಂದೇ ಬಣ್ಣದ ಮುಖ, ಅದನ್ನು ನೋಡಿ ಯಾರೂ ನಗುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ.

ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅಣ್ಣತಮ್ಮಂದಿರನ್ನು ಒಬ್ಬ ತಾಯಿ ಹೆತ್ತಿರುತ್ತಾಳೆ, ಸ್ನೇಹಿತರನ್ನು ನಾವೇ ಆರಿಸಿಕೊಂಡಿರುತ್ತೇವೆ. ಷಡ್ಡಕ ಮಾತ್ರ ಎಲ್ಲಿಂದಲೋ ಬಂದು ನಮ್ಮ ಪಕ್ಕದ ಎಲೆಯ ಮುಂದೆ ಕೂತುಬಿಡುತ್ತಾನೆ. ಅಲ್ಲಿಂದಾಚೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಇಡೀ ಮನೆಯ ಕೆಲಸವಾಗುತ್ತದೆ.

ಅವನು ಬರುವ ಮುಂಚೆ ಭದ್ರಾವತಿಯ ಮಾವನ ಮನೆಯಲ್ಲಿ ನಾನೊಬ್ಬನೇ ಅಳಿಯನಾಗಿದ್ದೆ. ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ಮನೆ. ಕಟ್ಟಡದ ಕಂಟ್ರಾಕ್ಟು ನನ್ನ ಕೆಲಸ. ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದು ನಿವೃತ್ತರಾದವರು. ನ್ಯೂ ಟೌನಿನಲ್ಲಿ ಅವರ ಸ್ವಂತ ಮನೆ ಕಟ್ಟಿಸಿಕೊಟ್ಟವನು ನಾನೇ. ಹಜಾರದಲ್ಲಿ ಅವರ ಕುರ್ಚಿಯ ಬಲಕ್ಕೊಂದು ಬೆತ್ತದ ಕುರ್ಚಿ ಇತ್ತು. ಅದು ಅಳಿಯನದು ಎಂದು ಯಾರೂ ಹೇಳಿರಲಿಲ್ಲ, ಆದರೆ ನಾನು ಹೋದರೆ ಅದರ ಮೇಲೆ ಒಣಹಾಕಿದ ಟವೆಲು ತಾನಾಗಿ ಮಾಯವಾಗುತ್ತಿತ್ತು.

ನಾದಿನಿಗೆ ಗಂಡು ನೋಡುವಾಗ ಅವನ ವಿಚಾರ ಮೊದಲು ತಂದವನೂ ನಾನೇ ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಿವಿಲ್ ಇಂಜಿನಿಯರ್, ಭದ್ರಾವತಿಯಲ್ಲೇ ಒಂದು ಖಾಸಗಿ ಕಟ್ಟಡ ಸಂಸ್ಥೆಯಲ್ಲಿ ಕೆಲಸ, ಒಳ್ಳೆಯ ಮನೆತನ. ಸೈನ್ಯದ ಮೀಸಲು ಪಡೆಯಲ್ಲಿದ್ದಾನೆ ಎಂದೂ ಯಾರೋ ಹೇಳಿದ್ದರು. ಆಗ ನಾನು ಅದನ್ನು ಅಷ್ಟು ಹಚ್ಚಿಕೊಳ್ಳಲಿಲ್ಲ. ಸೈನ್ಯದಲ್ಲಿ ಪೂರ್ತಿ ಕಾಲ ಇರದೆ, ತಮ್ಮ ತಮ್ಮ ಉದ್ಯೋಗ ಮಾಡಿಕೊಂಡೇ ವರ್ಷಕ್ಕೊಮ್ಮೆ ಹೋಗಿ ತರಬೇತಿ ಪಡೆದು ಬರುವವರು ಈ ಪಡೆಯವರು. ಕರೆ ಬಂದಾಗ ಹೊರಡಬೇಕು. ಅವನಿದ್ದದ್ದು ಅದರ ಇಂಜಿನಿಯರ್ ದಳದಲ್ಲಿ. ಬಂದೂಕು ಹಿಡಿಯುವುದನ್ನೂ ಕಲಿಯಬೇಕು, ನೆಲದಲ್ಲಿ ಹೂತ ಬಾಂಬು ಹುಡುಕುವುದನ್ನೂ ಕಲಿಯಬೇಕು. ಶತ್ರು ದಾಟಬಾರದು ಎಂದಾಗ ಸೇತುವೆ ಒಡೆಯಬೇಕು, ನಮ್ಮವರು ದಾಟಬೇಕು ಎಂದಾಗ ಅದೇ ಕೈಯಿಂದ ಕಟ್ಟಬೇಕು. ಯುದ್ಧವಿಲ್ಲದ ದಿನಗಳಲ್ಲಿ ಜನರಿಗೆ ಬೇಕಾದ ಕಾಲುದಾರಿ, ಶಾಲೆಯ ಗೋಡೆ, ಕುಡಿಯುವ ನೀರಿನ ತೊಟ್ಟಿ ಕಟ್ಟಿಕೊಡುವುದೂ ಅವರ ತರಬೇತಿಯ ಭಾಗವೇ ಆಗಿತ್ತು.

ಮದುವೆಯಾದ ಮೇಲೆ ಬಂದ ಮೊದಲ ದೀಪಾವಳಿಗೆ ಇಬ್ಬರು ಅಳಿಯಂದಿರಿಗೂ ಕರೆ ಹೋಯಿತು. ಎಣ್ಣೆಸ್ನಾನ, ಹೋಳಿಗೆ ಊಟ ಎಲ್ಲ ಮುಗಿದು ಹಜಾರಕ್ಕೆ ಬಂದೆವು. ನಾನು ರೂಢಿಯಂತೆ ಬೆತ್ತದ ಕುರ್ಚಿಯಲ್ಲಿ ಕೂತೆ. ಅವನು ಚಾಪೆಯ ಮೇಲೆ ಕೂತ. ಮಾವ ಅವನನ್ನು ಸುಮ್ಮನೆ ಏನೋ ಕೇಳಿದರು, ನದಿಯಲ್ಲಿ ಕಂಬವನ್ನೇ ನಿಲ್ಲಿಸದೆ ಸೇತುವೆ ಹೇಗೆ ಕಟ್ಟುತ್ತಾರೆ ಎಂದು. ಅವನು ದೇವರ ಮನೆಯಿಂದ ಬೆಂಕಿಪೊಟ್ಟಣ ತಂದು, ಕಡ್ಡಿಗಳನ್ನು ನೆಲದ ಮೇಲೆ ಜೋಡಿಸತೊಡಗಿದ. ಒಂದು ದಡದಿಂದಲೇ ಸೇತುವೆಯನ್ನು ಚೂರು ಚೂರೇ ಮುಂದಕ್ಕೆ ತಳ್ಳುತ್ತಾ ಹೋಗುವುದು, ಮುಂದಿನ ತುದಿ ಬಾಗದಂತೆ ಹಿಂದಿನ ತುದಿಗೆ ಭಾರ ಹೇರುವುದು. ಮಾವ ಮೊದಲು ಕುರ್ಚಿಯಿಂದ ಬಗ್ಗಿ ನೋಡಿದರು. ಆಮೇಲೆ ಮಂಡಿನೋವನ್ನೂ ಮರೆತು ಇಳಿದು ಚಾಪೆಯ ಮೇಲೇ ಕೂತುಬಿಟ್ಟರು. ಇಬ್ಬರ ತಲೆಗಳೂ ಕಡ್ಡಿಗಳ ಮೇಲೆ ಬಾಗಿದ್ದವು. ಮೇಲೆ, ಖಾಲಿ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ, ನಾನೊಬ್ಬ ಅತಿಥಿಯ ಹಾಗೆ ಉಳಿದೆ.

ಮಾವನಿಗೆ ಹುಡುಗನಾಗಿದ್ದಾಗ ಸೈನ್ಯಕ್ಕೆ ಸೇರುವ ಆಸೆಯಿತ್ತಂತೆ. ಅವರಪ್ಪ ಬಿಡದೆ ಕಾರ್ಖಾನೆಗೆ ಸೇರಿಸಿದ್ದರಂತೆ. ಅಷ್ಟು ವರ್ಷ ಅಳಿಯನಾಗಿದ್ದ ನನಗೆ ಈ ಸಂಗತಿಯನ್ನು ಅವರು ಒಮ್ಮೆಯೂ ಹೇಳಿರಲಿಲ್ಲ. ಅವತ್ತು ಅವನಿಗೆ ಹೇಳಿದರು. ನಾನು ಪಕ್ಕದಲ್ಲಿದ್ದೆನಾದ್ದರಿಂದ ನನಗೂ ಕೇಳಿಸಿತು.

ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಜಂಭ ಕೊಚ್ಚುವವನಲ್ಲ, ಕುಡಿಯುವವನಲ್ಲ, ಮಾತೂ ಕಡಿಮೆ. ನನ್ನನ್ನು ಬಾಯ್ತುಂಬ ಅಣ್ಣ ಎನ್ನುತ್ತಿದ್ದ. ನಾನು ಎರಡನೇ ಸಲ ಅನ್ನ ಕಲಸುವಷ್ಟರಲ್ಲಿ ಅವನ ಎಲೆ ಚೊಕ್ಕಟವಾಗಿರುತ್ತಿತ್ತು, ಆದರೆ ನಾನು ಏಳುವ ತನಕ ಏಳುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ತೊಲೆ ನೋಡುವನು, ಆಮೇಲೆ ಗೋಡೆಗೆ ಅಂಗೈ ಒತ್ತುವನು. ಕೆಲಸದ ವಿಷಯ ಬಂದರೆ ಅವನ ಬಾಯಲ್ಲಿ ಒಂದೇ ಮಾತು, "ಭಾರ ಎಲ್ಲಿ ಇಳಿಯುತ್ತೆ ಅದನ್ನ ಹೇಳಿ ಮೊದ್ಲು." ಮನೆ ಕಟ್ಟುವುದಕ್ಕೆ ಮಾತ್ರವಲ್ಲ, ಮದುವೆ ಮುಂಜಿ ಮಾತಾಡುವಾಗಲೂ ಇದನ್ನೇ ಕೇಳುವನು. ಅತ್ತೆಗೆ ಮೈ ಸರಿಯಿಲ್ಲದ ವರ್ಷ ಮನೆಯಲ್ಲಿ ದೊಡ್ಡದಾಗಿ ಪೂಜೆ ಇಟ್ಟುಕೊಳ್ಳಬೇಕೆಂದು ಮಾವ ಹೊರಟಾಗ ಅವನು ಹಾಗೆ ಕೇಳಿದ.  ಭಾರವೆಲ್ಲ ಇಳಿಯುತ್ತಿದ್ದದ್ದು ನನ್ನ ಹೆಂಡತಿಯ ಮೇಲೆ ಎಂದು ಆಗ ಎಲ್ಲರಿಗೂ ಹೊಳೆಯಿತು. ಪೂಜೆ ಚಿಕ್ಕದಾಯಿತು. ಅವತ್ತು ಮನೆಗೆ ಮರಳುವಾಗ ಕಾರಿನಲ್ಲಿ ನನ್ನ ಹೆಂಡತಿ, "ನನಗೆ ಕಷ್ಟ ಆಗುತ್ತೆ ಅಂತ ಅವ್ರಿಗೆ ಹೊಳೀತು ನೋಡ್ರಿ" ಅಂದಳು.  ನಾನು ಕಾರಿನ ವೇಗ ಹೆಚ್ಚಿಸಿದೆ.

ನಾದಿನಿಗೆ ದಿನ ತುಂಬಿದಾಗ ಅವನು ತರಬೇತಿಯಲ್ಲಿದ್ದ. ಒಂದೇ ಸಮ ಮಳೆ ಹಿಡಿದಿತ್ತು. ಭದ್ರಾ ಹೊಳೆ ತುಂಬಿ ತಗ್ಗಿನ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ನಸುಕಿನಲ್ಲಿ ಮಾವನ ಫೋನು ಬಂತು. ನಾನು ಕಾರು ತೆಗೆದುಕೊಂಡು ಹೋಗಿ, ಅವಳನ್ನೂ ಅತ್ತೆಯನ್ನೂ ಕೂರಿಸಿಕೊಂಡು, ಹೆದ್ದಾರಿಯ ನೀರು ಸೀಳುತ್ತಾ ಶಿವಮೊಗ್ಗದ ಆಸ್ಪತ್ರೆಗೆ ತಂದೆ. ಹೆರಿಗೆ ಕಷ್ಟದ್ದಾಯಿತು. ರಕ್ತ ಬೇಕೆಂದರು, ನನ್ನದೇ ಗುಂಪಾಗಿತ್ತು, ಕೊಟ್ಟೆ. ಹೆಣ್ಣುಮಗು ಹುಟ್ಟಿತು. ಮಗುವನ್ನು ಮೊದಲು ಎತ್ತಿಕೊಂಡ ಗಂಡಸೂ ನಾನೇ. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಮಲಗಿ ಬೆನ್ನು ಹಿಡಿದುಕೊಂಡಿತ್ತು. ಆದರೂ ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದು ಹೇಳಬೇಕು. ಎಲ್ಲರೂ ನನ್ನನ್ನೇ ಕೇಳುತ್ತಿದ್ದರು, ನನ್ನನ್ನೇ ಕರೆಯುತ್ತಿದ್ದರು.

ಆಮೇಲೆ ಅವನು ರಜೆ ಪಡೆದು ಬಂದ. ಬಟ್ಟೆ ಬದಲಿಸಲು ಸಮಯವಿಲ್ಲದೆ ಸಮವಸ್ತ್ರದಲ್ಲೇ, ಬೆನ್ನಿಗೊಂದು ದಪ್ಪ ಚೀಲ ಹೊತ್ತು, ಕೆಸರು ಮೆತ್ತಿದ ಬೂಟಿನಲ್ಲಿ ವಾರ್ಡಿನ ಬಾಗಿಲಲ್ಲಿ ನಿಂತ. ಪಕ್ಕದ ಮಂಚಗಳ ಬಾಣಂತಿಯರ ಕಡೆಯವರು ಎದ್ದು ನಿಂತರು. ದಾದಿಯೊಬ್ಬರು ದಾರಿ ಬಿಟ್ಟರು. ಮಾವ ವರಾಂಡದಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಪೇಡ ಹಂಚುತ್ತಾ ಮಿಲಿಟರಿಯವನ ಮಗಳು ಎಂದು ಹೇಳುತ್ತಿದ್ದರು. ಬೆನ್ನು ನೋಯಿಸಿಕೊಂಡವನು ನಾನು, ಬಾಗಿಲಲ್ಲಿ ಕಾಣಿಸಿಕೊಂಡವನು ಅವನು. ಮಗುವನ್ನು ನೋಡಿ ಹೊರಗೆ ಬಂದು ಅವನು ನನ್ನ ಎರಡೂ ಕೈ ಹಿಡಿದುಕೊಂಡ.

"ನೀವು ಇಲ್ಲಿದ್ದೀರಿ ಅಂತ ನಾನು ಅಲ್ಲಿ ಇರೋಕಾಯ್ತು, ಅಣ್ಣ."

ಉಪಚಾರದ ಮಾತು ಎಂದುಕೊಂಡೆ. ಅವನ ಅಂಗೈ ಮರಗೆಲಸದವರ ಅರದ ಹಾಗೆ ಒರಟಾಗಿತ್ತು. ಅದೂ ನನಗೆ ಸಹಿಸಲಾಗಲಿಲ್ಲ.

ಮಗುವಿಗೆ ಮಾತು ಬರುವ ಹೊತ್ತಿಗೆ ನನ್ನೊಳಗಿನ ಉರಿ ಒಂದು ಹಟವಾಗಿತ್ತು. ಮೀಸಲು ಪಡೆಗೆ ನನ್ನ ವಯಸ್ಸಿನವರನ್ನೂ ತೆಗೆದುಕೊಳ್ಳುತ್ತಾರೆ ಎಂದು ತಿಳಿದುಕೊಂಡೆ. ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಬೆಳಗಿನ ಹೊತ್ತು ನೆಹರೂ ಸ್ಟೇಡಿಯಮ್ಮಿನಲ್ಲಿ ಓಡಿದೆ. ಹೊಟ್ಟೆ ಸ್ವಲ್ಪ ಕರಗಿತು. ಹೆಂಡತಿ ಸಂತೋಷಪಟ್ಟು, ಸಕ್ಕರೆ ಕಾಯಿಲೆ ಬರಬಾರದೆಂದು ಓಡುತ್ತಿದ್ದಾರೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದಳು. ಆಯ್ಕೆಗೆ ಕರೆ ಬಂದ ದಿನ ಅವಳಿಗೆ ಸಿಮೆಂಟ್ ಕಂಪನಿಯವರ ಮೀಟಿಂಗ್ ಎಂದು ಹೇಳಿ ಬೆಂಗಳೂರಿಗೆ ಹೋದೆ.

ಅಲ್ಲಿ ಒಂದು ದೊಡ್ಡ ಶೆಡ್ಡಿನಲ್ಲಿ ನಮ್ಮನ್ನೆಲ್ಲ ಚಡ್ಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ನನ್ನ ಹಿಂದೆ ಮುಂದೆ ಇದ್ದವರೆಲ್ಲ ನನಗಿಂತ ಹತ್ತು ವರ್ಷ ಚಿಕ್ಕವರು. ಡಾಕ್ಟರು ನನ್ನನ್ನು ತಿರುಗಿಸಿ, ಮೀನಖಂಡದ ನರಗಳ ಮೇಲೆ ಬೆರಳಾಡಿಸಿ, ಕಾಲಿನ ನರಗಳು ಉಬ್ಬಿವೆ, ಭಾರ ಹೊತ್ತು ನಡೆಯಲು ಆಗದು ಎಂದು ಬಹಳ ಮೃದುವಾಗಿ ಹೇಳಿದರು. ಅಲ್ಲಿಗೆ ಮುಗಿಯಿತು. ಪಕ್ಕದ ಬೆಂಚಿನ ಮೇಲಿದ್ದ ಬಟ್ಟೆ ತೆಗೆದುಕೊಳ್ಳಲು ತಿರುಗಿದೆ. ಎದುರಿಗೆ ಅವನು ನಿಂತಿದ್ದ. ಬಂದವರನ್ನು ಸಾಲು ಮಾಡಿಸುವ ಕೆಲಸಕ್ಕೆ ಅವತ್ತು ಅವನನ್ನು ಹಾಕಿದ್ದರು. ಸಮವಸ್ತ್ರದಲ್ಲಿ ಅವನು, ಚಡ್ಡಿಯಲ್ಲಿ ನಾನು. ಅವನು ಆಶ್ಚರ್ಯ ತೋರಿಸಲಿಲ್ಲ. ನಾನು ಪ್ಯಾಂಟು ಹಾಕಿಕೊಳ್ಳುವ ತನಕ ಬೆನ್ನು ತಿರುಗಿಸಿ ನಿಂತ. ಆಮೇಲೆ ಕಾಗದದ ಲೋಟದಲ್ಲಿ ಟೀ ತಂದುಕೊಟ್ಟ. ಅವನು ಕೇಳಿದ್ದು ಒಂದೇ, ಬಸ್ಸು ಎಷ್ಟೊತ್ತಿಗೆ ಎಂದು. ಮೆಜೆಸ್ಟಿಕ್ಕಿಗೆ ಹೋಗಲು ಆಟೋ ಹಿಡಿದುಕೊಟ್ಟ.

ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿದ್ದು ಅವನು ಮನೆಯಲ್ಲಿ ಇದನ್ನು ಯಾವಾಗ, ಯಾರ ಮುಂದೆ ಹೇಳುತ್ತಾನೆ ಎಂದು. ಅವನು ಹೇಳಲಿಲ್ಲ. ಆ ವರ್ಷ ಹೇಳಲಿಲ್ಲ, ಮರುವರ್ಷವೂ ಹೇಳಲಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ಮಾವ ತಮಾಷೆಗೆ, ನಮ್ಮ ದೊಡ್ಡ ಅಳಿಯಂದಿರನ್ನ ಒಂದು ವಾರ ನಿನ್ನ ಕ್ಯಾಂಪಿಗೆ ಕರ್ಕೊಂಡು ಹೋಗಪ್ಪ, ಅರ್ಧ ಆಗಿ ಬರ್ತಾರೆ ಅಂದರು. ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನು ತಲೆಯೆತ್ತದೆ, ಅಣ್ಣ ಬಂದ್ರೆ ನಮ್ಮನ್ನೆಲ್ಲ ಕೂಲಿಗೆ ಹಾಕ್ಕೊಂಡು ಒಂದು ಬಡಾವಣೆಯನ್ನೇ ಕಟ್ಟಿಬಿಡ್ತಾರೆ ಎಂದು ಹೇಳಿ ಸಾರು ಬಡಿಸಿಕೊಂಡ. ನಗು ಬೇರೆ ಕಡೆ ಹೊರಳಿತು. ಅವನು ಚಾಡಿ ಹೇಳಿದ್ದರೆ ನಾನು ಅವನನ್ನು ದ್ವೇಷಿಸಿ ಹಗುರಾಗಬಹುದಿತ್ತು. ಆ ದಾರಿಯನ್ನೂ ಮುಚ್ಚಿಬಿಟ್ಟ.

ಇನ್ನು ಆ ಸೇತುವೆಯ ವಿಷಯ.

ಭದ್ರಾವತಿಯ ಅಂಚಿನಲ್ಲಿ ಒಂದು ಹಳ್ಳ ಹರಿದು ಹೊಳೆ ಸೇರುತ್ತದೆ. ಹಳ್ಳದಾಚೆ ಒಂದು ಕಾಲೊನಿ. ಹಿಂದೆ ಕಾರ್ಖಾನೆಗೆ ಕೂಲಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಮನೆಯೊಳಗೆ ತಮಿಳು, ತೆಲುಗು. ಬೀದಿಗೆ ಬಂದರೆ ಕನ್ನಡ. ಶಾಲೆ, ಅಂಗಡಿ, ಬಸ್ಸು ಎಲ್ಲ ಈಚೆ. ಮಳೆಗಾಲದಲ್ಲಿ ದೊಡ್ಡ ಸುತ್ತು ಹಾಕಬೇಕು, ಇಲ್ಲವೇ ಹಳೆಯ ನೀರಿನ ಪೈಪಿನ ಮೇಲೆ ಮಕ್ಕಳನ್ನು ಕೈಹಿಡಿದು ದಾಟಿಸಬೇಕು. ಅಲ್ಲಿಯವರು ನನ್ನ ಬಳಿಯೂ ಬಂದಿದ್ದರು. ನಾನು ಹೋಗಿ ನೋಡಿ, ಅಂದಾಜು ಹಾಕಿ, ಮಂಜೂರಾಗಲಿ ಕಟ್ಟೋಣ ಎಂದಿದ್ದೆ. ಮಂಜೂರಾಗಲಿಲ್ಲ.

ಅವನು ತನ್ನ ದಳದ ಅಧಿಕಾರಿಗಳಿಗೆ ಹೇಳಿ, ಇಲಾಖೆಯವರ ಒಪ್ಪಿಗೆ ಪಡೆದು, ಆ ವರ್ಷದ ತರಬೇತಿಯ ಒಂದು ಭಾಗವನ್ನು ಅಲ್ಲಿಗೇ ತಂದುಬಿಟ್ಟ. ಬೇಸಿಗೆಯಲ್ಲಿ ಹಳ್ಳದ ಪಕ್ಕದ ಮೈದಾನದಲ್ಲಿ ಹಸಿರು ಡೇರೆಗಳು ಎದ್ದವು. ಬೆಳಿಗ್ಗೆ ಓಟ, ಕವಾಯತು, ಬಂದೂಕಿನ ಅಭ್ಯಾಸ. ಬಿಸಿಲೇರಿದ ಮೇಲೆ ಅದೇ ಜನ ಸಲಿಕೆ, ಹಾರೆ ಹಿಡಿದು ಸೇತುವೆಗೆ ಇಳಿಯುತ್ತಿದ್ದರು. ಮಾವ ದಿನಾ ಛತ್ರಿ ಹಿಡಿದು ಹೋಗಿ ಮರದಡಿ ಕೂತಿರುತ್ತಿದ್ದರು. ಹೂ ಮಾರುವ ಒಬ್ಬ ತಮಿಳು ಮುದುಕಿ ಅವನನ್ನು ಕೇಳಿದಳಂತೆ, ಇದು ಟ್ಯಾಂಕು ಹೋಗೋ ಪಾಲಮಾ ಸಾರ್, ನಾವೂ ನಡೀಬೋದಾ ಎಂದು. ಮೊದಲು ನೀವು ನಡೀರಿ ಪಾಟೀ, ಟ್ಯಾಂಕು ಆಮೇಲೆ ನೋಡೋಣ ಎಂದು ಅವನು ಹೇಳಿದನಂತೆ. ಇದನ್ನು ಮಾವ ನನಗೆ ಎಷ್ಟು ಸಲ ಹೇಳಿದರೋ.

ಕಬ್ಬಿಣದ ತೊಲೆಗಳು ಕೂತು, ಮೇಲೆ ಹಲಗೆ ಹಾಸುವ ಹಂತ ಬಂದಾಗ ಅವನೇ ನನ್ನ ಮನೆಗೆ ಫೋನು ಮಾಡಿ, ಬಂದು ಒಂದ್ಸಲ ನೋಡಿ ಅಣ್ಣ ಅಂದ. ಉದ್ಘಾಟನೆಗೆ ದಿನ ಗೊತ್ತಾಗಿತ್ತು, ಶಾಮಿಯಾನಕ್ಕೂ ಹೇಳಿ ಆಗಿತ್ತು. ನಾನು ಹೋದೆ. ಸೇತುವೆಯಲ್ಲಿ ಏನಾದರೂ ಐಬು ಸಿಗಲಿ ಎಂದೇ ಹೋದೆ. ಬೆಸುಗೆ ನೋಡಿದೆ, ಬೋಲ್ಟು ನೋಡಿದೆ, ತೊಲೆಗಳ ಮಟ್ಟ ನೋಡಿದೆ. ಎಲ್ಲವೂ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಮಾವ ಮರದಡಿಯಿಂದ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಆಚೆ ದಡಕ್ಕೆ ದಾಟಿ, ಸೇತುವೆಯ ತುದಿ ಕೂತಿದ್ದ ಕಾಂಕ್ರೀಟಿನ ಕಟ್ಟೆಯ ಬುಡಕ್ಕೆ ಇಳಿದೆ.

ಅಲ್ಲಿಯ ನೆಲ ನನಗೆ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಅದೇ ದಡದಲ್ಲಿ, ಸ್ವಲ್ಪ ಕೆಳಗೆ, ನಾನೊಂದು ಕಾಂಪೌಂಡು ಕಟ್ಟಿದ್ದೆ. ಎರಡನೇ ಮಳೆಗಾಲಕ್ಕೆ ಅದು ನಡುವೆ ಬಾಯಿಬಿಟ್ಟಿತ್ತು. ಅಗೆಸಿ ನೋಡಿದಾಗ ತಿಳಿದದ್ದು, ಅದು ನೆಲವೇ ಅಲ್ಲ ಎಂದು. ಹಿಂದೆ ಯಾವಾಗಲೋ ಅಲ್ಲಿ ದೊಡ್ಡ ಗುಂಡಿಯಿದ್ದು, ಅದನ್ನು ಕಬ್ಬಿಣ ಕರಗಿಸಿದ ಮೇಲೆ ಕುಲುಮೆಯಲ್ಲಿ ಉಳಿಯುವ ಕಿಟ್ಟ ಸುರಿದು ಮುಚ್ಚಿದ್ದರು. ಕಿಟ್ಟ ಮೇಲೆ ಬಂಡೆಯ ಹಾಗೆ ಗಟ್ಟಿ, ಹಾರೆ ಹೊಡೆದರೆ ಕಿಡಿ ಹಾರುತ್ತದೆ. ಅದರಡಿಯಲ್ಲಿ ಸಡಿಲು ಮಣ್ಣು, ನೀರು. ಈಗ ಕಟ್ಟೆಯ ಬುಡದಲ್ಲೂ ಕೂದಲೆಳೆಯಷ್ಟು ಬಿರುಕು, ಅದರ ಕೆಳಗೆ ಬೇಸಿಗೆಯಲ್ಲೂ ಒಣಗದ ತೇವ.

ಆ ಗಳಿಗೆಯ ಸುಖವನ್ನು ಹೇಗೆ ಹೇಳಲಿ. ಗೆದ್ದೆ ಅನಿಸಿತು. ಹತ್ತಿ ಮೇಲೆ ಬಂದು, ಅವನ ದಳದವರು, ಕಾಲೊನಿಯವರು, ಮಾವ ಎಲ್ಲರೂ ಇರುವಾಗಲೇ, ಸ್ವಲ್ಪ ಜೋರಾಗಿಯೇ ಹೇಳಿದೆ.

"ಆಚೆ ಕಟ್ಟೆ ನಿಂತಿರೋದು ನೆಲದ ಮೇಲಲ್ಲ ಮಾರಾಯ, ಕಿಟ್ಟದ ಮೇಲೆ. ಒಂದು ಮಳೆಗೆ ಕೂರುತ್ತೆ."

ದಳದವನೊಬ್ಬ ಹುಬ್ಬು ಗಂಟಿಕ್ಕಿ, ನಾವು ಪರೀಕ್ಷೆ ಮಾಡಿದ್ದೀವಿ ಸರ್ ಅಂದ. ಷಡ್ಡಕ ಅವನನ್ನು ಸುಮ್ಮನಿರಿಸಿ ತಾನೇ ಇಳಿದು ಹೋದ. ಕಟ್ಟೆಯ ಪಕ್ಕದಲ್ಲಿ ಹೊಂಡ ತೋಡಿಸಿದ. ಗಟ್ಟಿ ಪದರ ಒಡೆದು ಹೋದದ್ದೇ ತಡ, ಉದ್ದನೆಯ ಹಾರೆ ತನ್ನಷ್ಟಕ್ಕೆ ಒಳಗೆ ಇಳಿಯಿತು.  ಅವನು ಕೈಕೊಡವಿಕೊಂಡು ಮೇಲೆ ಬಂದ. ಅವನ ಮುಖ ಸಪ್ಪಗಾಗುವುದನ್ನು ಕಾಣಲು ಕಾದಿದ್ದೆ. ಅವನು ತನ್ನ ಜನರ ಕಡೆ ತಿರುಗಿ, ಅಣ್ಣ ಹೇಳಿದ್ದು ಸರಿ, ಕಟ್ಟೆ ಒಡೀಬೇಕು, ಇದು ನನ್ನ ತಪ್ಪು ಎಂದು ಸಾಮಾನ್ಯ ದನಿಯಲ್ಲಿ ಹೇಳಿದ. ಶಾಮಿಯಾನದವನಿಗೆ ಅಲ್ಲಿಂದಲೇ ಫೋನು ಮಾಡಿ ಬೇಡವೆಂದ. ಅಲ್ಲಿಗೆ ನನ್ನ ಗೆಲುವೂ ಮುಗಿದಿತ್ತು. ಮಾವ ನೋಡುತ್ತಿದ್ದದ್ದು ಅವನನ್ನು.

ಜನ ಚೆದುರಿದ ಮೇಲೆ ನಾವಿಬ್ಬರೇ ತೊಲೆಯ ಮೇಲೆ ಕೂತೆವು. ಗೊತ್ತಿದ್ದೂ ನನ್ನನ್ನು ಯಾಕೆ ಕರೆದೆ ಎಂದು ಕೇಳಿದೆ. ಏನು ಗೊತ್ತಿದ್ದು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ನೋಡಿದೋರೆಲ್ಲ ಚೆನ್ನಾಗಿದೆ ಅಂದ್ರು ಅಣ್ಣ. ನಮ್ಮ ಸಾಹೇಬ್ರೂ ಅಂದ್ರು, ಮಾವನೂ ಅಂದ್ರು. ಚೆನ್ನಾಗಿಲ್ದೇ ಇರ್ಲಿ ಅಂತ ನೋಡೋರು ನೀವೊಬ್ರೇ ಇದ್ದಿದ್ದು. ಅದಕ್ಕೇ ಕರೆದೆ."

ಅದರಲ್ಲಿ ಕುಹಕವಿರಲಿಲ್ಲ. ಒಳ್ಳೆಯ ಮೇಸ್ತ್ರಿಯೊಬ್ಬನ ಬಗ್ಗೆ ಹೇಳುವಂತೆ ಹೇಳಿದ.  ಅಷ್ಟು ವರ್ಷ ಯಾರಿಗೂ ಕಾಣದೆಂದು ಒಳಗೆ ಬಚ್ಚಿಟ್ಟುಕೊಂಡದ್ದನ್ನು ಅವನು ಮೊದಲಿನಿಂದಲೂ ಕಂಡಿದ್ದ. ಮನಸ್ಸಿಗೆ ಹಚ್ಚಿಕೊಳ್ಳದೆ, ಉಪಯೋಗಕ್ಕೆ ಬರುವ ಒಂದು ಹತಾರದ ಹಾಗೆ ನೆನಪಿಟ್ಟುಕೊಂಡಿದ್ದ.

ತರಬೇತಿಯ ದಿನಗಳು ಮುಗಿದು ಡೇರೆಗಳು ಎದ್ದುಹೋದವು. ಅವನು ಕಚೇರಿಯಲ್ಲಿ ಉಳಿದಿದ್ದ ರಜೆಯನ್ನೆಲ್ಲ ಹಾಕಿದ. ನಾನು ನನ್ನ ಆಳುಗಳನ್ನು ತಂದೆ. ಕಿಟ್ಟ, ಕೆಸರು ಎಲ್ಲ ತೆಗೆದು, ಗಟ್ಟಿ ನೆಲ ಸಿಗುವ ತನಕ ಇಳಿದು, ಕಟ್ಟೆಯನ್ನು ಮತ್ತೆ ಎಬ್ಬಿಸಿದೆವು. ಮೊದಲ ಮಳೆ ಬೀಳುವ ಹೊತ್ತಿಗೆ ಮಕ್ಕಳು ಅದರ ಮೇಲೆ ಶಾಲೆಗೆ ಹೋಗುತ್ತಿದ್ದರು. ಆ ಮಳೆಗಾಲದಲ್ಲಿ ಹಳ್ಳ ಉಕ್ಕಿ, ಆಚೆ ದಡದ ಕಿಟ್ಟವೆಲ್ಲ ಕೊಚ್ಚಿಹೋಯಿತು. ಕಟ್ಟೆ ಅಲುಗಲಿಲ್ಲ. ಅವನು ಸಿಕ್ಕವರಿಗೆಲ್ಲ ಇದು ಅಣ್ಣನ ಕಟ್ಟೆ ಎಂದು ಹೇಳುತ್ತಲೇ ಇದ್ದ. ಜನ ಕೇಳಿಸಿಕೊಂಡು ತಲೆಯಾಡಿಸಿ, ಮಿಲಿಟರಿ ಸೇತುವೆ ಎಂದೇ ಕರೆದರು. ಈಗಲೂ ಹಾಗೇ ಕರೆಯುತ್ತಾರೆ.

ಅದಾದ ಕೆಲವು ವರ್ಷಕ್ಕೆ ಭದ್ರಾ ಹೊಳೆ ಮತ್ತೆ ತುಂಬಿ ಓಲ್ಡ್ ಟೌನಿನ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅವನಿಗೆ ಪಡೆಯಿಂದ ಕರೆಯೇನೂ ಬಂದಿರಲಿಲ್ಲ. ಕಚೇರಿ ಮುಗಿದ ಮೇಲೆ ತಾನೇ ಹೋಗಿ, ನೀರು ಇಳಿದ ಮನೆಗಳ ಕೆಸರು ತೆಗೆಯುತ್ತಿದ್ದ, ಯಾವ ಗೋಡೆ ನಿಲ್ಲುತ್ತದೆ, ಯಾವುದನ್ನು ಕೆಡವಬೇಕು ಎಂದು ಒತ್ತಿ ನೋಡಿ ಹೇಳುತ್ತಿದ್ದ. ಕಾಲಿಗೆ ತಗಡು ತಾಗಿ ಗಾಯವಾಗಿತ್ತು. ಆಮೇಲೆ ಜ್ವರ ಬಂತು. ವಾರ್ಷಿಕ ತರಬೇತಿ ಹತ್ತಿರವಿತ್ತು, ಜ್ವರವೆಂದರೆ ಎಲ್ಲಿ ಬಿಡುವುದಿಲ್ಲವೋ ಎಂದು ಮಾತ್ರೆ ನುಂಗಿಕೊಂಡು ಓಡಾಡಿದ. ಕಣ್ಣು ಹಳದಿಯಾದ ಮೇಲೆ ನಾದಿನಿ ನನಗೆ ಫೋನು ಮಾಡಿದಳು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ಇಲಿಜ್ವರ ಎಂದರು, ಹೊಲಸು ನೀರಿನಿಂದ ಗಾಯದ ಮೂಲಕ ಹತ್ತುವುದು. ಮೂತ್ರಪಿಂಡಕ್ಕೂ ಏರಿತ್ತು.

ಒಂದು ಮಧ್ಯಾಹ್ನ ನಾನೊಬ್ಬನೇ ಅವನ ಪಕ್ಕದಲ್ಲಿದ್ದೆ. ಸ್ವಲ್ಪ ಎಚ್ಚರವಾಗಿದ್ದ. ಈ ಸಲ ಕ್ಯಾಂಪಿಗೆ ಹೋಗೋಕಾಗಲ್ಲ ಅನ್ಸುತ್ತೆ ಅಂದ. ಮುಂದಿನ ವರ್ಷ ಹೋಗುವಿಯಂತೆ ಅಂದೆ.  ಆಮೇಲೆ ಕೇಳಿದ.

"ಅವತ್ತು ಬೆಂಗ್ಳೂರಿಗೆ ಯಾಕೆ ಬಂದಿದ್ರಿ ಅಣ್ಣ?"

"ನಿನ್ನ ಹಾಗೆ ಆಗೋಕೆ ಮಾರಾಯ," ಅಂದೆ. ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಅವನು ಕಣ್ಣು ಮುಚ್ಚಿಕೊಂಡೇ ಇದ್ದ. "ತಗೊಳ್ದೇ ಇದ್ದಿದ್ದು ಒಳ್ಳೇದಾಯ್ತು. ಇಬ್ರೂ ಹೋಗಿದ್ರೆ ಮನೇಲಿ ಯಾರಿರ್ತಿದ್ರು."

ನಮ್ಮಿಬ್ಬರ ನಡುವೆ ನಡೆದ ಕೊನೆಯ ಮಾತು ಅದು. ಎರಡು ದಿನಕ್ಕೆ ಹೋಗಿಬಿಟ್ಟ.

ಮಾವ ಅಳಲಿಲ್ಲ. ಅವರು ಹಿಡಿದದ್ದು ಒಂದೇ ಹಟ, ಬಾವುಟ ಹೊದಿಸಬೇಕು, ತುತ್ತೂರಿ ಊದಬೇಕು, ನನ್ನ ಅಳಿಯ ಮಿಲಿಟರಿಯವನು. ನಾನು ಅವನ ದಳದ ಅಧಿಕಾರಿಗೆ ಫೋನು ಮಾಡಿದೆ. ಅವರು ಎರಡು ಸಲ ಅವನ ಹೆಸರು ಹಿಡಿದು ಛೇ ಎಂದರು. ಆದರೆ ಅವನನ್ನು ಆಗ ಸೇವೆಗೆ ಕರೆಸಿಕೊಂಡಿರಲಿಲ್ಲ, ಮನೆಯಲ್ಲಿದ್ದ. ನಿಯಮದಲ್ಲಿ ಅವಕಾಶವಿಲ್ಲ ಎಂದರು. ಇದನ್ನು ಮಾವನಿಗೆ ಹೇಳುವ ಕೆಲಸವೂ ನನ್ನದೇ ಆಯಿತು. ಅವರು ಗೋಡೆಯ ಕಡೆ ತಿರುಗಿ ಕೂತರು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ರುದ್ರಭೂಮಿಯಲ್ಲಿ ಆ ಹೊತ್ತಿಗೆ ಗುಂಡಿ ತೋಡುವವರು ಕೆಲಸ ಶುರು ಮಾಡಿದ್ದರು. ಮಳೆ ನಿಂತಿತ್ತು, ಆದರೆ ನೆಲದೊಳಗೆ ಕಲ್ಲು ಜಾಸ್ತಿ, ಕೆಲಸ ಸಾಗುತ್ತಿರಲಿಲ್ಲ. ಅಷ್ಟರಲ್ಲಿ ಗೇಟಿನ ಬಳಿ ಎರಡು ಗಾಡಿಗಳು ನಿಂತವು. ಹತ್ತು ಹನ್ನೆರಡು ಜನ ಇಳಿದರು. ಯಾರದ್ದೂ ಸಮವಸ್ತ್ರವಲ್ಲ, ಮಾಮೂಲಿ ಪ್ಯಾಂಟು ಶರಟು. ದಾವಣಗೆರೆಯ ಬ್ಯಾಂಕಿನ ಕ್ಯಾಷಿಯರ್ ಒಬ್ಬರು, ತರೀಕೆರೆಯ ಶಾಲೆಯೊಂದರ ಡ್ರಿಲ್ ಮಾಸ್ತರು, ಚಿತ್ರದುರ್ಗದಲ್ಲಿ ಜೆಸಿಬಿ ಓಡಿಸುವವನು, ಹೀಗೆ. ಅವನ ದಳದವರು. ಕೆಲಸಕ್ಕೆ ರಜೆ ಹಾಕಿ, ಒಬ್ಬರಿಗೊಬ್ಬರು ಹೇಳಿಕೊಂಡು ಬಂದಿದ್ದರು. ಅವರಲ್ಲಿ ಹಿರಿಯರಾದ ಕ್ಯಾಷಿಯರ್ ಗುಂಡಿಯ ಬಳಿ ಹೋಗಿ, ತೋಡುವವರಿಗೆ ಕೈಮುಗಿದು, ಉಳಿದಿದ್ದು ನಾವು ತೋಡ್ತೀವಿ ಎಂದರು.

ಅಪ್ಪಣೆ ಯಾರೂ ಕೊಡಲಿಲ್ಲ. ಅಷ್ಟೂ ಜನ ತಾವಾಗಿ ಸಾಲು ನಿಂತರು. ಇಬ್ಬರು ಇಳಿದು ತೋಡುವುದು, ದಣಿಯುವ ಮುಂಚೆ ಹತ್ತುವುದು, ಮುಂದಿನ ಇಬ್ಬರು ಇಳಿಯುವುದು.  ಸಲಿಕೆಯ ಸದ್ದೊಂದೇ. ಗುಂಡಿಯ ಗೋಡೆಗಳು ತೂಗುಗುಂಡು ಹಿಡಿದಂತೆ ನೇರವಾಗಿ ಇಳಿಯುತ್ತಿದ್ದವು. ಬಂದ ನೆಂಟರೆಲ್ಲ ಹತ್ತಿರ ಬಂದು ನೋಡಿದರು. ನಾನು ಪಂಚೆಯುಟ್ಟು ಅಂಚಿನಲ್ಲಿ ನಿಂತಿದ್ದೆ. ಆ ಹೊತ್ತಿನಲ್ಲೂ, ಅವನ ಹೆಣ ಮನೆಯಲ್ಲಿರುವಾಗಲೂ, ನನ್ನೊಳಗೆ ಉರಿ ಎದ್ದಿತು. ನಾನು ಸತ್ತರೆ ಹೀಗೆ ಬಂದು ಸಾಲು ನಿಲ್ಲುವವರು ಯಾರಿದ್ದಾರೆ ಅನಿಸಿತು.

ಒಂದು ಜೊತೆ ಹತ್ತಿ ಬಂತು. ಕ್ಯಾಷಿಯರ್ ಮುಂದಿನ ಜೊತೆಯನ್ನು ತಡೆದು, ಒಬ್ಬನ ಕೈಯಿಂದ ಸಲಿಕೆ ತೆಗೆದು ನನ್ನ ಕಡೆ ನೀಡಿದರು.

"ಬನ್ನಿ ಸರ್. ಶಿವಮೊಗ್ಗದಲ್ಲಿರೋ ಅಣ್ಣನೂ ನಮ್ಮೋರೇ ಅಂತ ಅವ್ರು ಹೇಳ್ತಿದ್ರು."

ಅವನು ಎಷ್ಟು ಹೇಳಿದ್ದನೋ, ಏನು ಹೇಳಿದ್ದನೋ, ನಾನು ಕೇಳಲಿಲ್ಲ. ಪಂಚೆ ಎತ್ತಿ ಕಟ್ಟಿ ಇಳಿದೆ. ಜೊತೆಗಿದ್ದವನು ಡ್ರಿಲ್ ಮಾಸ್ತರು. ಬಹಳ ವರ್ಷದಿಂದ ನಾನು ಆಳುಗಳಿಂದ ತೋಡಿಸಿದವನೇ ಹೊರತು ಸಲಿಕೆ ಹಿಡಿದಿರಲಿಲ್ಲ. ಬೇಗನೆ ಅಂಗೈ ಬೊಬ್ಬೆ ಎದ್ದು ಒಡೆಯಿತು. ನನ್ನ ಸರದಿ ಮುಗಿದಾಗ ಮೇಲಿಂದ ಯಾರೋ ಕೈಕೊಟ್ಟು ಎಳೆದುಕೊಂಡರು. ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಮುಂದಿನ ಸರದಿಗೆ ಮತ್ತೆ ಇಳಿದೆ.

ಅವನನ್ನು ತಂದು ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಹಾಕಿದೆವು. ಎಲ್ಲ ಮುಗಿದ ಮೇಲೆ ಅವರು ಸಾಲಾಗಿ ನೆಟ್ಟಗೆ ನಿಂತರು. ಬಾವುಟವಿರಲಿಲ್ಲ, ತುತ್ತೂರಿಯೂ ಇರಲಿಲ್ಲ. ನಾನು ಜೆಸಿಬಿಯವನ ಪಕ್ಕದಲ್ಲಿ, ಕೆಸರಾದ ಪಂಚೆಯಲ್ಲಿ, ಆದಷ್ಟು ನೆಟ್ಟಗೆ ನಿಂತೆ. ಮಾವ ಕೋಲೂರಿಕೊಂಡು ಸಾಲಿನ ಈ ತುದಿಯಿಂದ ಒಬ್ಬೊಬ್ಬರ ಮುಖ ನೋಡುತ್ತಾ ಬಂದರು. ನನ್ನ ಮುಂದೆ ಬಂದು ನಿಂತುಬಿಟ್ಟರು. ನನ್ನ ಕೈ ನೋಡಿದರು, ಮುಖ ನೋಡಿದರು. ಆ ದೀಪಾವಳಿಯಲ್ಲಿ ಬೆಂಕಿಕಡ್ಡಿ ಜೋಡಿಸುತ್ತಿದ್ದ ಹುಡುಗನನ್ನು ಅವರು ನೋಡುತ್ತಿದ್ದ ಆ ನೋಟವನ್ನು ನನ್ನ ಮೇಲೆ ಇಟ್ಟು, ತುಂಬ ಹೊತ್ತು ನಿಂತರು.

ಅಷ್ಟು ವರ್ಷ ನಾನು ಕಾದದ್ದು ಅದಕ್ಕಾಗಿ. ಅದು ಸಿಕ್ಕ ದಿನ, ಕಂಡು ಹೊಟ್ಟೆ ಉರಿದುಕೊಳ್ಳಲಿ ಎಂದು ಪಕ್ಕಕ್ಕೆ ತಿರುಗಿದರೆ, ಅವನಿರಲಿಲ್ಲ.